ಸುಮ್ಮನಾದವರನ್ನು ಒಪ್ಪಿದವರೆಂದು ಬರೆಯಬಹುದೇ?

ಪ್ರಶ್ನೆ: ನಾನು ಒಂದು ಸಣ್ಣ ಸಂಘದ ಕಾರ್ಯದರ್ಶಿ. ಸಭೆಯ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ಹಿಂದಿನ ಸಭೆಯಲ್ಲಿ ಸದಸ್ಯತ್ವ ಶುಲ್ಕ ಹೆಚ್ಚಿಸುವ ಪ್ರಸ್ತಾವ ಬಂದಾಗ ಇಬ್ಬರು ಬಲವಾಗಿ ವಿರೋಧಿಸಿದರು. ಸಾಕಷ್ಟು ಚರ್ಚೆಯಾದ ಮೇಲೆ ಇಬ್ಬರೂ ಸುಮ್ಮನಾದರು. ಅಧ್ಯಕ್ಷರು ‘ಸರಿ, ಹಾಗಾದರೆ ಮುಂದಿನ ವಿಷಯಕ್ಕೆ ಹೋಗೋಣ’ ಎಂದರು. ಮತಕ್ಕೆ ಹಾಕಲಿಲ್ಲ. ನಾನು ‘ದ ಟೂ ಮೆಂಬರ್ಸ್ ಆ್ಯಕ್ವಿಯೆಸ್ಟ್ ಟು ದ ಪ್ರಪೋಸಲ್’ ಎಂದು ಬರೆದೆ. ಕರಡು ಎಲ್ಲರಿಗೂ ಹೋದ ಮೇಲೆ ರಗಳೆ ಶುರುವಾಗಿದೆ. ಆ ಇಬ್ಬರಲ್ಲಿ ಒಬ್ಬರು ‘ನಾನು ಒಪ್ಪಲೇ ಇಲ್ಲ, ಆ ಪದ ತೆಗೆಯಿರಿ’ ಎನ್ನುತ್ತಾರೆ. ಇನ್ನೊಬ್ಬರಿಗೆ ‘ನಾನು ಬಗ್ಗಿದೆ ಅಂತ ಬರೆದಿದ್ದೀರಿ’ ಎಂಬ ಸಿಟ್ಟು. ಅಧ್ಯಕ್ಷರು ಆನ್‌ಲೈನ್ ಪರ್ಯಾಯಪದಗಳ ಪಟ್ಟಿಯೊಂದನ್ನು ತೋರಿಸಿ ‘ಆ್ಯಕ್ವಿಯೆಸ್ ಅಂದರೆ ಅಗ್ರೀ ಅಂತಲೇ ಇದೆಯಲ್ಲ, ಮೌನಂ ಸಮ್ಮತಿ ಲಕ್ಷಣಂ, ಏನೂ ಬದಲಿಸಬೇಡಿ’ ಎನ್ನುತ್ತಾರೆ. ಇಂಗ್ಲಿಷ್ ಮೇಷ್ಟರಾಗಿದ್ದ ಸದಸ್ಯರೊಬ್ಬರು ‘ಆ್ಯಕ್ವಿಯೆಸ್ ಟು ಎಂಬುದೇ ತಪ್ಪು, ಇನ್ ಬರಬೇಕು’ ಎಂದು ಗುರುತು ಹಾಕಿ ಕಳಿಸಿದ್ದಾರೆ. ಯಾರ ಮಾತು ಸರಿ? ನಾನೀಗ ಏನು ಬರೆಯಲಿ?

ಉತ್ತರ: ನಿಮ್ಮ ಇಬ್ಬರು ಸದಸ್ಯರ ಆಕ್ಷೇಪಗಳು ಒಂದಕ್ಕೊಂದು ವಿರುದ್ಧ ಎಂದು ಮೊದಲ ಓದಿಗೆ ಕಾಣುತ್ತದೆ. ಒಬ್ಬರು ಆ ಪದದಲ್ಲಿ ಒಪ್ಪಿಗೆಯನ್ನು ಓದಿದ್ದಾರೆ, ಇನ್ನೊಬ್ಬರು ಸೋಲನ್ನು ಓದಿದ್ದಾರೆ. ಎರಡೂ ಆ ಪದದೊಳಗೆ ಇರುವುದರಿಂದಲೇ ಅದು ನಡಾವಳಿಗೆ ಒಗ್ಗುವುದಿಲ್ಲ. ಸಂಸ್ಥೆಗಳ ಇಂಗ್ಲಿಷ್ ಕಡತ, ವರದಿ, ಕರಾರುಗಳ ಭಾಷೆಯನ್ನು ತಿದ್ದುವುದು ನನ್ನ ವೃತ್ತಿ. ಒಪ್ಪಿಗೆಯನ್ನು ಹೇಳುವ ಪದಗಳಷ್ಟು ಜಗಳ ಎಬ್ಬಿಸಿದ ಪದಗಳನ್ನು ಅಲ್ಲಿ ನಾನು ಕಂಡಿಲ್ಲ. ನಿಮ್ಮ ಆತಂಕ ಕೂಡ ಬರೀ ಪದಾರ್ಥದ್ದಲ್ಲ ಅನ್ನಿಸುತ್ತದೆ. ಬಾಯಿಬಿಡದೆ ಕುಳಿತ ಇಬ್ಬರ ಮನಸ್ಸಿನಲ್ಲಿ ಏನಿತ್ತೆಂದು ದಾಖಲೆ ಬರೆಯುವವರು ಹೇಳಬಹುದೇ ಎಂಬುದು ನಿಮ್ಮನ್ನು ಕಾಡುತ್ತಿದೆ. ಅದಕ್ಕೆ ನನ್ನ ಉತ್ತರ: ಹೇಳಬಾರದು. ಆ್ಯಕ್ವಿಯೆಸ್ ತೆಗೆಯಿರಿ. ಆದರೆ ಅದರ ಜಾಗದಲ್ಲಿ ಅಗ್ರೀಡ್ ಎಂದೂ ಹಾಕಬೇಡಿ. ಯಾಕೆಂದು ವಿವರವಾಗಿ ಹೇಳುತ್ತೇನೆ.

ಆ್ಯಕ್ವಿಯೆಸ್ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ ‘ವಿಶ್ರಮಿಸು, ಶಾಂತವಾಗು’ ಎಂಬ ಅರ್ಥದ ಕ್ರಿಯಾಪದದಿಂದ. ಕ್ವಯಟ್ ಎಂಬ ಪದವೂ ಅದೇ ಬೇರಿನದು. ಫ್ರೆಂಚಿನ ಮೂಲಕ 17ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದ ಈ ಪದ ಇವತ್ತಿಗೂ ಆ ಬೇರನ್ನು ಬಿಟ್ಟಿಲ್ಲ. ಒಂದು ವಿಷಯ ಇಷ್ಟವಿಲ್ಲದಿದ್ದರೂ, ಅಥವಾ ಅದರ ಬಗ್ಗೆ ಉತ್ಸಾಹವಿಲ್ಲದಿದ್ದರೂ, ವಿರೋಧಿಸುವುದನ್ನು ಬಿಟ್ಟು ಅದು ನಡೆಯಲು ಬಿಡುವುದು ಆ್ಯಕ್ವಿಯೆಸ್. ಮನಸ್ಸು ಬದಲಾಗಿರಬೇಕೆಂದಿಲ್ಲ, ‘ಹೂಂ’ ಎಂದಿರಬೇಕೆಂದೂ ಇಲ್ಲ. ‘ಒಲ್ಲದ ಮನಸ್ಸಿನಿಂದ ಸುಮ್ಮನಾದರು’ ಎಂದರೆ ಹತ್ತಿರ ಬರುತ್ತದೆ. ‘ಮಣಿದರು’ ಎಂದರೆ ಸ್ವಲ್ಪ ಹೆಚ್ಚಾಯಿತು, ಏಕೆಂದರೆ ಆ್ಯಕ್ವಿಯೆಸ್‌ನಲ್ಲಿ ಬೇರೆಯವರ ಬಲಪ್ರಯೋಗ ಇರಲೇಬೇಕಿಲ್ಲ. ಆದರೂ ದಣಿವಿನ, ಕೈಚೆಲ್ಲಿದ ಛಾಯೆಯೊಂದು ಅದಕ್ಕೆ ಅಂಟಿಕೊಂಡಿದೆ. ನಿಮ್ಮ ಎರಡನೆಯ ಸದಸ್ಯರಿಗೆ ಚುಚ್ಚಿದ್ದು ಅದು. ಅವರ ಕಿವಿ ಸೂಕ್ಷ್ಮವಾಗಿದೆ.

ಇನ್ನು ಅಧ್ಯಕ್ಷರ ಪಟ್ಟಿಯ ವಿಷಯ. ಪರ್ಯಾಯಪದಗಳ ಪಟ್ಟಿ ಇರುವುದು ಮರೆತ ಪದವನ್ನು ನೆನಪಿಸುವುದಕ್ಕೆ. ಪಟ್ಟಿಯಲ್ಲಿ ಅಕ್ಕಪಕ್ಕ ಕುಳಿತ ಪದಗಳನ್ನು ಒಂದರ ಬದಲು ಇನ್ನೊಂದನ್ನು ಎಲ್ಲಿ ಬೇಕಾದರೂ ಬಳಸಬಹುದು ಎಂದು ಅದು ಯಾವತ್ತೂ ಭರವಸೆ ಕೊಡುವುದಿಲ್ಲ. ಅಗ್ರೀ, ಕನ್ಸೆಂಟ್, ಅಸೆಂಟ್, ಕನ್‌ಕರ್, ಆ್ಯಕ್ಸೀಡ್, ಆ್ಯಕ್ವಿಯೆಸ್, ಕಂಪ್ಲೈ ಇವೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ನೋಡಿದವರು ಇವುಗಳನ್ನು ಸಭ್ಯತೆಯ ಮೆಟ್ಟಿಲುಗಳೆಂದು ತಿಳಿಯುತ್ತಾರೆ: ಅಗ್ರೀ ಸಾಮಾನ್ಯ, ಕನ್‌ಕರ್ ಸ್ವಲ್ಪ ಗಂಭೀರ, ಆ್ಯಕ್ವಿಯೆಸ್ ಬಹಳ ಗಂಭೀರ, ಹೀಗೆ. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ತಿಳಿವಳಿಕೆ ಇದು. ಈ ಪದಗಳನ್ನು ಬೇರ್ಪಡಿಸುವ ಗೆರೆ ಬೇರೆ ಕಡೆ ಇದೆ. ಒಪ್ಪಿದವರ ಮನಸ್ಸು ಎಲ್ಲಿತ್ತು, ಅವರಿಗೆ ಬೇಡವೆನ್ನುವ ಅಧಿಕಾರ ಇತ್ತೇ, ಅವರು ಬಾಯಿಬಿಟ್ಟು ಹೇಳಿದರೇ ಅಥವಾ ಸುಮ್ಮನೆ ನಡೆದುಕೊಂಡರೇ ಎಂಬುದರ ಮೇಲೆ ಪದ ಬದಲಾಗುತ್ತದೆ.

ಅಗ್ರೀ ಈ ಗುಂಪಿನಲ್ಲಿ ಅತ್ಯಂತ ಪರಿಚಿತ ಗೆಳೆಯ, ಅತ್ಯಂತ ವಿಶಾಲ ಕೂಡ. ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಹಿಂದೆ ಲ್ಯಾಟಿನ್ನಿನ ‘ಹಿತವಾದದ್ದು’ ಎಂಬರ್ಥದ ಪದವಿದೆ. ಹಾಗಾಗಿಯೇ ಹವೆ ಮೈಗೆ ಒಗ್ಗದಿದ್ದರೂ ಇಂಗ್ಲಿಷಿನವರು ಅಗ್ರೀ ಪದವನ್ನೇ ಬಳಸುತ್ತಾರೆ, ಎರಡು ಲೆಕ್ಕಗಳು ತಾಳೆಯಾದರೂ ಅದನ್ನೇ, ವಾಕ್ಯದಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆಯಾದರೂ ಅದನ್ನೇ. ನಮ್ಮ ‘ಒಪ್ಪು’ ಕೂಡ ಹೀಗೇ ಅಲ್ಲವೇ? ಮಾತನ್ನು ಒಪ್ಪುತ್ತೇವೆ, ಉಡುಪು ಮೈಗೆ ಒಪ್ಪುತ್ತದೆ. ಈ ಹೋಲಿಕೆ ಚೆಂದವಾಗಿದೆ, ಆದರೆ ಬರೆಯುವಾಗ ಕಾಲಿಗೆ ತೊಡರುವುದೂ ಇದೇ. ಕನ್ನಡದಲ್ಲಿ ‘ನಿಮ್ಮ ಮಾತಿಗೆ ಒಪ್ಪುತ್ತೇನೆ’, ‘ಷರತ್ತಿಗೆ ಒಪ್ಪಿದೆ’, ‘ಬರುವುದಕ್ಕೆ ಒಪ್ಪಿದ’ ಎಲ್ಲದಕ್ಕೂ ಚತುರ್ಥಿಯ ‘ಗೆ’, ‘ಕ್ಕೆ’ ಸಾಕು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಎಲ್ಲ ಕಡೆಯೂ ‘ಟು’ ಬಂದು ಕೂರುತ್ತದೆ, ‘ಐ ಅಗ್ರೀ ಟು ಯು’ ಹುಟ್ಟುತ್ತದೆ. ವ್ಯಕ್ತಿಯನ್ನೋ ಅಭಿಪ್ರಾಯವನ್ನೋ ಒಪ್ಪಿದರೆ ‘ಅಗ್ರೀ ವಿತ್’. ಇನ್ನೊಬ್ಬರು ಮುಂದಿಟ್ಟ ಪ್ರಸ್ತಾವಕ್ಕೆ, ಷರತ್ತಿಗೆ ಒಪ್ಪಿಗೆ ಕೊಟ್ಟರೆ ‘ಅಗ್ರೀ ಟು’. ಎಲ್ಲರೂ ಕೂತು ಒಂದು ತೀರ್ಮಾನಕ್ಕೆ ಬಂದರೆ ‘ಅಗ್ರೀ ಆನ್’. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಅಗ್ರೀಡ್ ದ ಟರ್ಮ್ಸ್’ ಎಂದು ನಡುವೆ ಏನೂ ಇಲ್ಲದೆ ಬರೆಯುವ ರೂಢಿಯೂ ಇದೆ, ಅಮೆರಿಕದ ಓದುಗರಿಗೆ ಅದು ವಿಚಿತ್ರವಾಗಿ ಕೇಳಿಸುತ್ತದೆ. ‘ನನಗೆ ಒಪ್ಪಿಗೆ ಇದೆ’ ಎಂಬ ನಮ್ಮ ವಾಕ್ಯದ ಅಚ್ಚಿನಲ್ಲಿ ಎರಕ ಹೊಯ್ದ ‘ಐ ಆ್ಯಮ್ ಅಗ್ರೀ’ ಮಾತ್ರ ಎಲ್ಲಿಯೂ ಸಲ್ಲುವುದಿಲ್ಲ.

ಕನ್ಸೆಂಟ್‌ನಲ್ಲಿ ಒಪ್ಪಿಗೆ ಕೊಡುವವರಿಗೆ ನಿರಾಕರಿಸುವ ಹಕ್ಕಿರುತ್ತದೆ, ಅವರ ಒಪ್ಪಿಗೆಯಿಲ್ಲದೆ ಕೆಲಸ ನಡೆಯಕೂಡದು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಸಹಿ ಹಾಕುವ ಕಾಗದದ ಹೆಸರಿನಲ್ಲಿ ಈ ಪದ ಇರುವುದು ಅದಕ್ಕೇ. ಅಸೆಂಟ್ ಅದರ ಒಡಹುಟ್ಟು, ಆದರೆ ದಾರಿ ಬೇರೆ. ವೈದ್ಯಕೀಯ ಸಂಶೋಧನೆಯಲ್ಲಿ ಇವೆರಡರ ವ್ಯತ್ಯಾಸ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಮಗುವಿಗೆ ಕಾನೂನಿನ ಪ್ರಕಾರ ಕನ್ಸೆಂಟ್ ಕೊಡುವ ವಯಸ್ಸಾಗಿರುವುದಿಲ್ಲ. ಅನುಮತಿ ಕೊಡುವವರು ತಂದೆತಾಯಿ. ಆದರೂ ವಿಷಯ ಅರ್ಥಮಾಡಿಕೊಳ್ಳಬಲ್ಲ ಮಗುವಿಗೆ ಅದಕ್ಕೆ ತಿಳಿಯುವ ಮಾತಿನಲ್ಲಿ ವಿವರಿಸಿ ‘ಆಗಬಹುದಾ?’ ಎಂದು ಕೇಳಬೇಕು. ಮಗು ಆಗ ಕೊಡುವ ಒಪ್ಪಿಗೆಯನ್ನು ಅಸೆಂಟ್ ಎನ್ನುತ್ತಾರೆ. ಮಗು ಬೇಡವೆನ್ನದೆ ಸುಮ್ಮನಿತ್ತು ಎಂಬುದಷ್ಟನ್ನೇ ಅಸೆಂಟ್ ಎಂದು ಎಣಿಸಬಾರದು ಎಂಬುದು ಸಂಶೋಧನಾ ನೀತಿಯ ಮಾತು. ನಿಮ್ಮ ಅಧ್ಯಕ್ಷರಿಗೆ ಇದನ್ನು ದಯವಿಟ್ಟು ಹೇಳಿ. ಬ್ರಿಟನ್ನಿನಲ್ಲಿ ಸಂಸತ್ತು ಪಾಸು ಮಾಡಿದ ಮಸೂದೆಗೆ ಅರಸರು ಕೊಡುವ ಅಂಕಿತಕ್ಕೂ ಅಸೆಂಟ್ ಎಂದೇ ಹೆಸರು. ಕೊನೆಯ ಸಲ ಅದನ್ನು ನಿರಾಕರಿಸಿದ್ದು 1708ರಲ್ಲಿ, ರಾಣಿ ಆ್ಯನ್. ಅಲ್ಲಿಂದೀಚೆಗೆ ಅದು ವಿಧಿಪೂರ್ವಕ ಅನುಮೋದನೆ.

ಕನ್‌ಕರ್ ಎಂಬುದರ ಬೇರು ‘ಜೊತೆಗೂಡಿ ಓಡು’ ಎಂಬುದು. ಬೇರೆ ಬೇರೆ ದಾರಿಯಲ್ಲಿ ಹೊರಟವರು ಒಂದೇ ತೀರ್ಮಾನಕ್ಕೆ ಬಂದು ಸೇರಿದರೆ ಆ ಪದ ಒಪ್ಪುತ್ತದೆ. ನ್ಯಾಯಪೀಠದಲ್ಲಿ ಒಬ್ಬ ನ್ಯಾಯಾಧೀಶರು ಉಳಿದವರ ತೀರ್ಪಿನ ಫಲಿತಾಂಶವನ್ನು ಒಪ್ಪಿ, ತಮ್ಮದೇ ಕಾರಣಗಳನ್ನು ಪ್ರತ್ಯೇಕವಾಗಿ ಬರೆದರೆ ಅದನ್ನು ಕನ್‌ಕರಿಂಗ್ ಅಭಿಪ್ರಾಯ ಎನ್ನುತ್ತಾರೆ. ಆ್ಯಕ್ಸೀಡ್ ಇನ್ನೊಂದು ಬಗೆಯದು. ಕೇಳಿಕೊಂಡವರ ಕೋರಿಕೆಗೆ, ಒತ್ತಾಯಕ್ಕೆ, ಕೊಡುವ ಸ್ಥಾನದಲ್ಲಿರುವವರು ಒಪ್ಪುವುದು. ಅಂತರರಾಷ್ಟ್ರೀಯ ಒಪ್ಪಂದವನ್ನು ಮೊದಲು ಸಹಿ ಮಾಡದ ದೇಶ ಆಮೇಲೆ ಬಂದು ಸೇರಿಕೊಳ್ಳುವುದಕ್ಕೂ ಇದೇ ಪದ, ದೇಶಗಳ ನಡುವಿನ ಒಪ್ಪಂದಗಳ ಕಾನೂನನ್ನು ಹೇಳುವ 1969ರ ವಿಯೆನ್ನಾ ಒಪ್ಪಂದದಲ್ಲಿ ಅದಕ್ಕೆ ಪ್ರತ್ಯೇಕ ವಿಧಿಯೇ ಇದೆ. ಕೈಕೆಳಗಿನ ನೌಕರರು ಮೇಲಧಿಕಾರಿಗೆ ‘ಐ ಆ್ಯಕ್ಸೀಡ್ ಟು ಯುವರ್ ರಿಕ್ವೆಸ್ಟ್’ ಎಂದು ಬರೆದದ್ದನ್ನು ನಾನು ಹಲವು ಸಲ ತಿದ್ದಿದ್ದೇನೆ. ಬರೆದವರ ಮನಸ್ಸಿನಲ್ಲಿ ವಿನಯವೇ ಇರುತ್ತದೆ, ಓದುವವರಿಗೆ ಮಾತ್ರ ‘ನಿಮ್ಮ ಮನವಿಯನ್ನು ಮನ್ನಿಸಿದ್ದೇನೆ’ ಎಂದು ಕೇಳಿಸುತ್ತದೆ. ಕಂಪ್ಲೈ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ನಡತೆಯ ಪದ, ನಿಯಮದಂತೆ ನಡೆದುಕೊಂಡರೆ ಸಾಕು, ಮನಸ್ಸಿನ ಗೊಡವೆ ಅದಕ್ಕಿಲ್ಲ.

ಇಷ್ಟು ಪದಗಳ ನಡುವೆ ಆ್ಯಕ್ವಿಯೆಸ್ ಒಂದೇ ಮೌನವನ್ನು ತನ್ನೊಳಗೆ ಇಟ್ಟುಕೊಂಡದ್ದು. ಅಲ್ಲಿಂದ ನಿಮ್ಮ ಅಧ್ಯಕ್ಷರ ‘ಮೌನಂ ಸಮ್ಮತಿ ಲಕ್ಷಣಂ’ ಶುರುವಾಗುತ್ತದೆ. ಇದಕ್ಕೆ ಸರಿಸಮನಾದ ಲ್ಯಾಟಿನ್ ಗಾದೆ ಯುರೋಪಿನ ಕಾನೂನಿನಲ್ಲಿ ಶತಮಾನಗಳಿಂದ ಇದೆ: ಸುಮ್ಮನಿರುವವನು ಒಪ್ಪಿದಂತೆ ಕಾಣುತ್ತಾನೆ. ಜನ ಉದ್ಧರಿಸುವುದು ಇಷ್ಟನ್ನೇ. ಆ ಗಾದೆಗೆ ಉತ್ತರಾರ್ಧವೊಂದಿದೆ: ಅವನು ಮಾತಾಡಬೇಕಾಗಿತ್ತು ಮತ್ತು ಮಾತಾಡಲು ಶಕ್ತನಾಗಿದ್ದ ಎಂದಾದರೆ. ಈ ಉತ್ತರಾರ್ಧ ಸೇರಿದರೆ ಗಾದೆಯ ಅರ್ಥವೇ ಬದಲಾಗುತ್ತದೆ. ಬರೀ ಮೌನ ಏನನ್ನೂ ಹೇಳುವುದಿಲ್ಲ. ಮಾತಾಡುವ ಹೊಣೆಯೂ ಅವಕಾಶವೂ ಇದ್ದಾಗ ಉಳಿದ ಮೌನ ಮಾತ್ರ ಏನನ್ನೋ ಹೇಳುತ್ತದೆ.

ಈ ಪೂರ್ತಿ ಗಾದೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ 1962ರ ತೀರ್ಪೊಂದರಲ್ಲಿ ಬಂದಿದೆ. ಆ್ಯಕ್ವಿಯೆಸೆನ್ಸ್ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕಾಂಬೋಡಿಯಾ ಮತ್ತು ಥಾಯ್ಲೆಂಡ್ ಗಡಿಯ ಬೆಟ್ಟದಂಚಿನಲ್ಲಿರುವ ಪ್ರೇಹ್ ವಿಹಾರ್ ದೇಗುಲ ಯಾರದ್ದೆಂಬುದು ವಿವಾದ. 1904ರ ಒಪ್ಪಂದದಲ್ಲಿ ಮಳೆನೀರು ಎರಡು ಕಡೆಗೆ ಹಂಚಿ ಹರಿಯುವ ದಿಬ್ಬದ ಗೆರೆಯೇ ಗಡಿ ಎಂದಿತ್ತು. ಆಮೇಲೆ ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚರ ಅಧಿಕಾರಿಗಳು ತಯಾರಿಸಿದ ನಕಾಶೆಯಲ್ಲಿ ದೇಗುಲ ಕಾಂಬೋಡಿಯಾದ ಕಡೆ ಬಂತು. 1908ರಲ್ಲಿ ಆ ನಕಾಶೆಗಳು ಅಂದಿನ ಸಯಾಮ್, ಎಂದರೆ ಇಂದಿನ ಥಾಯ್ಲೆಂಡ್, ಸರ್ಕಾರದ ಕೈಸೇರಿದವು. ಸಯಾಮ್ ತಕರಾರು ಎತ್ತಲಿಲ್ಲ. 1930ರಲ್ಲಿ ಸಯಾಮಿನ ರಾಜಕುಮಾರ ದಮ್ರೋಂಗ್ ದೇಗುಲಕ್ಕೆ ಹೋದಾಗ ಅಲ್ಲಿ ಫ್ರೆಂಚ್ ಧ್ವಜ ಹಾರುತ್ತಿತ್ತು, ಫ್ರೆಂಚ್ ಅಧಿಕಾರಿಯೇ ಅವರನ್ನು ಅಧಿಕೃತವಾಗಿ ಬರಮಾಡಿಕೊಂಡ. ಆಗಲೂ ಸಯಾಮ್ ಪ್ರತಿಭಟಿಸಲಿಲ್ಲ. ನಕಾಶೆ ತಪ್ಪು ಎಂಬ ಥಾಯ್ಲೆಂಡಿನ ವಾದ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಒಂಬತ್ತು ಮತ ಒಂದು ಕಡೆ, ಮೂರು ಇನ್ನೊಂದು ಕಡೆ ಬಿದ್ದು ದೇಗುಲ ಕಾಂಬೋಡಿಯಾದ ನೆಲದಲ್ಲಿದೆ ಎಂದು ತೀರ್ಪಾಯಿತು. ಒಂದು ದೇಶ ತಕರಾರು ಇದ್ದಿದ್ದರೆ ಕೂಡಲೇ ಹೇಳಬೇಕಾದಂಥ ವಿಷಯ ಅದು, ಹೇಳಲು ಅವಕಾಶವೂ ಇತ್ತು, ಹೇಳಲಿಲ್ಲ. ಆ ಮೌನಕ್ಕೆ ಅಷ್ಟು ತೂಕ ಬಂದದ್ದು ಈ ಮೂರೂ ಸೇರಿದ್ದರಿಂದ.

ಇದರ ಎದುರಿಗೆ 1862ರ ಇಂಗ್ಲೆಂಡಿನ ಒಂದು ಕುದುರೆಯ ಮೊಕದ್ದಮೆ ಇಡುತ್ತೇನೆ, ಕಾನೂನು ಓದಿದವರಿಗೆಲ್ಲ ಗೊತ್ತಿರುವ ಫೆಲ್ಟ್‌ಹೌಸ್ ಮತ್ತು ಬಿಂಡ್ಲಿ ಪ್ರಕರಣ. ಚಿಕ್ಕಪ್ಪನೊಬ್ಬ ಅಣ್ಣನ ಮಗನ ಕುದುರೆ ಕೊಳ್ಳಲು ಬಯಸಿ, ‘ಈ ಬಗ್ಗೆ ನೀನು ಮತ್ತೇನೂ ಹೇಳದಿದ್ದರೆ 30 ಪೌಂಡ್ 15 ಷಿಲಿಂಗಿಗೆ ಕುದುರೆ ನನ್ನದೆಂದು ಭಾವಿಸುತ್ತೇನೆ’ ಎಂಬರ್ಥದ ಪತ್ರ ಬರೆದ. ಹುಡುಗ ಉತ್ತರಿಸಲಿಲ್ಲ. ಅವನಿಗೆ ಮಾರುವ ಮನಸ್ಸೂ ಇತ್ತು, ತನ್ನ ಸ್ವತ್ತನ್ನು ಹರಾಜು ಹಾಕುತ್ತಿದ್ದ ಹರಾಜುದಾರನಿಗೆ ಈ ಕುದುರೆ ಬಿಟ್ಟುಬಿಡಿ ಎಂದೂ ಹೇಳಿದ್ದ. ಹರಾಜುದಾರ ಮರೆತು ಮಾರಿಬಿಟ್ಟ. ಚಿಕ್ಕಪ್ಪ ಕೋರ್ಟಿಗೆ ಹೋಗಿ ಸೋತ. ‘ಉತ್ತರ ಬರದಿದ್ದರೆ ಒಪ್ಪಿದಂತೆ’ ಎಂಬ ಕಟ್ಟಳೆಯನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕು ಅವನಿಗಿಲ್ಲ, ಮನಸ್ಸಿನೊಳಗಿನ ಒಪ್ಪಿಗೆ ಹೊರಗೆ ತಿಳಿಸುವವರೆಗೆ ಒಪ್ಪಂದವಾಗುವುದಿಲ್ಲ ಎಂಬುದು ಅಲ್ಲಿನ ತೀರ್ಮಾನ. ಗಮನಿಸಿ, ಇಲ್ಲಿ ಹುಡುಗ ನಿಜವಾಗಿ ಒಪ್ಪಿದ್ದ. ಆದರೂ ಅವನ ಮೌನವನ್ನು ಒಪ್ಪಿಗೆ ಎಂದು ಎಣಿಸಲಿಲ್ಲ. ನಿಮ್ಮ ಸಭೆಯಲ್ಲಿ ಒಪ್ಪದವರ ಮೌನವನ್ನೇ ಒಪ್ಪಿಗೆ ಎನ್ನಲು ಹೊರಟಿದ್ದಾರೆ.

ಹೊಸ ಕಾಲದ ಕಾನೂನುಗಳೂ ಈ ಕಡೆಗೇ ವಾಲಿವೆ. 2018ರಲ್ಲಿ ಜಾರಿಗೆ ಬಂದ ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಮೌನವನ್ನಾಗಲಿ, ಮೊದಲೇ ಟಿಕ್ ಹಾಕಿಟ್ಟ ಚೌಕವನ್ನಾಗಲಿ, ಏನೂ ಮಾಡದೆ ಇರುವುದನ್ನಾಗಲಿ ಕನ್ಸೆಂಟ್ ಎಂದು ಎಣಿಸಕೂಡದೆಂದು ಬಿಡಿಸಿ ಹೇಳಿದೆ. ಹಾಗೆಂದು ಮೌನಕ್ಕೆ ಎಲ್ಲಿಯೂ ಬೆಲೆಯಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ಬ್ರಿಟನ್ನಿನ 1994ರ ಟ್ರೇಡ್‌ಮಾರ್ಕ್ ಕಾಯಿದೆಯಲ್ಲಿ ಆ್ಯಕ್ವಿಯೆಸೆನ್ಸ್ ಹೆಸರಿನಲ್ಲೇ ಒಂದು ಕಲಮು ಇದೆ. ತನ್ನ ಗುರುತಿಗೆ ಹೋಲುವ ಇನ್ನೊಂದು ನೋಂದಾಯಿತ ಗುರುತು ಬಳಕೆಯಲ್ಲಿದೆ ಎಂದು ತಿಳಿದೂ ಒಬ್ಬರು 5 ವರ್ಷ ಸತತವಾಗಿ ಸುಮ್ಮನಿದ್ದರೆ, ಆಮೇಲೆ ಅದನ್ನು ತಡೆಯುವ ಹಕ್ಕು ಕಳೆದುಕೊಳ್ಳುತ್ತಾರೆ. ಎದುರಿನವರು ದುರುದ್ದೇಶದಿಂದ ನೋಂದಾಯಿಸಿದ್ದರೆ ಮಾತ್ರ ವಿನಾಯಿತಿ. ‘ತಿಳಿದೂ’ ಎಂಬ ಪದದ ಮೇಲೆ ಆ ಕಲಮು ನಿಂತಿದೆ. ಗೊತ್ತಿಲ್ಲದೆ ಸುಮ್ಮನಿದ್ದವರು ಆ್ಯಕ್ವಿಯೆಸ್ ಮಾಡಿದಂತಾಗುವುದಿಲ್ಲ.

ಮೌನವನ್ನೇ ಒಪ್ಪಿಗೆಯಾಗಿ ಎಣಿಸುವ ಇನ್ನೊಂದು ಪದ್ಧತಿ ಇದೆ, ಅದು ನಿಮ್ಮ ಸಂಘಕ್ಕೆ ಉಪಯೋಗಕ್ಕೆ ಬಂದೀತು. ಕರಡು ನಿರ್ಣಯವನ್ನು ಎಲ್ಲರಿಗೂ ಕಳಿಸಿ, ಇಂಥ ಗಡುವಿನೊಳಗೆ ಯಾರೂ ಆಕ್ಷೇಪಿಸದಿದ್ದರೆ ಅಂಗೀಕಾರವಾದಂತೆ ಎಂದು ಘೋಷಿಸುವುದು. ನೇಟೋದಲ್ಲಿ ಇದು ಹಳೆಯ ರೂಢಿ. ಕೋವಿಡ್ ಕಾಲದಲ್ಲಿ ಒಂದೆಡೆ ಸೇರಲಾಗದಿದ್ದಾಗ ವಿಶ್ವಸಂಸ್ಥೆಯ ಮಹಾಸಭೆ 2020ರ ಮಾರ್ಚಿನಲ್ಲಿ 72 ಗಂಟೆಯ ಇಂಥ ಗಡುವನ್ನು ಅಳವಡಿಸಿಕೊಂಡಿತು. ಇಲ್ಲಿ ಮೌನಕ್ಕೆ ಅರ್ಥ ಬರುವುದು ‘ಸುಮ್ಮನಿದ್ದರೆ ಹೀಗೆ ಎಣಿಸುತ್ತೇವೆ’ ಎಂದು ಎಲ್ಲರಿಗೂ ಮುಂಚೆಯೇ ತಿಳಿದಿರುವುದರಿಂದ. ನಿಮ್ಮ ಸಭೆಯಲ್ಲಿ ಅಂಥ ನಿಯಮ ಮೊದಲೇ ಇರಲಿಲ್ಲವಾದರೆ ‘ಮುಂದಿನ ವಿಷಯಕ್ಕೆ ಹೋಗೋಣ’ ಎಂಬ ಮಾತಿಗೆ ಯಾರೂ ಎದುರಾಡಲಿಲ್ಲ ಎಂಬುದರಿಂದ ತೆಗೆಯಬಹುದಾದ ಅರ್ಥ ತೀರ ಕಡಿಮೆ. ದಣಿದು ಸುಮ್ಮನಾಗಿರಬಹುದು, ಅಧ್ಯಕ್ಷರ ಮೇಲಿನ ಗೌರವಕ್ಕೆ ಸುಮ್ಮನಾಗಿರಬಹುದು, ಮತಕ್ಕೆ ಹಾಕುತ್ತಾರೆ, ಆಗ ಹೇಳಿದರಾಯಿತು ಎಂದು ಕಾಯುತ್ತಿದ್ದಿರಬಹುದು. ಸಮೀಕ್ಷೆ ನಡೆಸುವವರು ಇದನ್ನು ಚೆನ್ನಾಗಿ ಬಲ್ಲರು. ‘ಒಪ್ಪುತ್ತೀರಾ?’ ಎಂದು ಕೇಳಿದರೆ ವಿಷಯ ಏನೇ ಇರಲಿ ಹೂಂ ಎನ್ನುವ ಒಲವು ಜನರಲ್ಲಿದೆ. ಅದಕ್ಕೆ ಆ ಶಾಸ್ತ್ರದಲ್ಲಿ ಆ್ಯಕ್ವಿಯೆಸೆನ್ಸ್ ಬಯಾಸ್ ಎಂದೇ ಹೆಸರಿಟ್ಟು, ಅದನ್ನು ಸರಿದೂಗಿಸಲು ಒಂದೇ ವಿಷಯವನ್ನು ಹೌದೆಂದೂ ಅಲ್ಲವೆಂದೂ ಎರಡು ಬಗೆಯಲ್ಲಿ ಕೇಳುತ್ತಾರೆ.

ಮೇಷ್ಟರ ಆಕ್ಷೇಪಕ್ಕೆ ಬರೋಣ. ‘ಆ್ಯಕ್ವಿಯೆಸ್ ಇನ್’ ಎಂಬುದು ಸಾಂಪ್ರದಾಯಿಕ ಬಳಕೆ, ಕಾನೂನಿನ ಬರವಣಿಗೆಯಲ್ಲಿ ಇಂದಿಗೂ ಅದೇ ಹೆಚ್ಚು. ‘ಆ್ಯಕ್ವಿಯೆಸ್ ಟು’ ಕೂಡ ಹಳೆಯ ಬರಹಗಳಲ್ಲಿ ಸಿಗುತ್ತದೆ, ಈಚಿನ ಇಂಗ್ಲಿಷಿನಲ್ಲಿ ಸಾಕಷ್ಟು ಚಾಲ್ತಿಯಲ್ಲಿದೆ, ದೊಡ್ಡ ನಿಘಂಟುಗಳು ಅದನ್ನು ದಾಖಲಿಸಿವೆ. ಆದ್ದರಿಂದ ಅದನ್ನು ತಪ್ಪೆಂದು ಕೆಂಪು ಗೆರೆ ಎಳೆಯುವುದಿಲ್ಲ. ನಾನಾದರೆ ‘ಇನ್’ ಬರೆಯುತ್ತೇನೆ, ಕಾರಣ ಮೇಷ್ಟರಂಥ ಓದುಗರು ಎಲ್ಲ ಕಡೆ ಇದ್ದಾರೆ ಮತ್ತು ‘ಇನ್’ ಬರೆದವರನ್ನು ಯಾರೂ ತಿದ್ದುವುದಿಲ್ಲ. ‘ಆ್ಯಕ್ವಿಯೆಸ್ ವಿತ್’ ಈಗ ಬಳಕೆ ತಪ್ಪಿದೆ. ನಿಜವಾದ ತಪ್ಪುಗಳು ಬೇರೆ ಇವೆ: ನಡುವೆ ಏನೂ ಇಲ್ಲದೆ ‘ಆ್ಯಕ್ವಿಯೆಸ್ಟ್ ದ ಪ್ರಪೋಸಲ್’ ಎನ್ನುವುದು, ಅಗ್ರೀ ತರಹ ಮುಂದೆ ‘ದ್ಯಾಟ್’ ಸೇರಿಸಿ ಉಪವಾಕ್ಯ ಕಟ್ಟುವುದು. ಕಾಗುಣಿತದಲ್ಲಿ ‘ಕ್ಯೂ’ ಅಕ್ಷರದ ಹಿಂದಿನ ‘ಸಿ’ ಬಿಟ್ಟುಹೋಗುವುದು ತೀರ ಸಾಮಾನ್ಯ. ಉಚ್ಚಾರದಲ್ಲಿ ಒತ್ತು ಕೊನೆಯ ‘ಯೆಸ್’ ಮೇಲೆ ಬೀಳುತ್ತದೆ, ಭೂತಕಾಲದಲ್ಲಿ ‘ಡ್’ ಅಲ್ಲ, ‘ಟ್’ ಕೇಳಿಸಬೇಕು.

ಈಗ ನಿಮ್ಮ ಮುಂದಿರುವ ದಾರಿಗಳು. ಬರೆದದ್ದನ್ನು ಹಾಗೇ ಉಳಿಸಿದರೆ ಇಬ್ಬರ ಮನಃಸ್ಥಿತಿಯನ್ನು ನೀವು ಊಹಿಸಿ ದಾಖಲಿಸಿದಂತಾಗುತ್ತದೆ. ನಾಳೆ ಶುಲ್ಕದ ವಿಷಯ ವ್ಯಾಜ್ಯವಾದರೆ ಆ ಒಂದು ಪದವನ್ನು ತೋರಿಸಿ ‘ಅಂದೇ ವಿರೋಧ ಬಿಟ್ಟಿದ್ದರಲ್ಲ’ ಎಂದು ಯಾರಾದರೂ ವಾದಿಸಬಹುದು, ಅವರು ಅಲ್ಲವೆಂದರೆ ಇಡೀ ನಡಾವಳಿಯ ವಿಶ್ವಾಸಾರ್ಹತೆ ಕುಂದುತ್ತದೆ. ‘ಅಗ್ರೀಡ್’ ಎಂದು ಬದಲಿಸಿದರೆ ಅದು ಸರಳವಾಗಿ ಸುಳ್ಳು, ಯಾಕೆಂದರೆ ಅವರು ಒಪ್ಪಿದ್ದೇವೆಂದು ಹೇಳಲಿಲ್ಲ. ‘ವಿತ್‌ಡ್ರೂ ದೇರ್ ಆಬ್ಜೆಕ್ಷನ್ಸ್’ ಎಂದರೆ ಮೃದುವಾಗಿ ಕಾಣುತ್ತದೆ, ಬಹಳ ಜನ ಇದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಆಕ್ಷೇಪ ಹಿಂತೆಗೆದುಕೊಳ್ಳುವುದು ಒಂದು ಕ್ರಿಯೆ, ಅದನ್ನು ಬಾಯಿಬಿಟ್ಟು ಮಾಡಬೇಕು. ‘ಅಬ್‌ಸ್ಟೇನ್ಡ್’ ಎನ್ನಲು ಮತದಾನವೇ ನಡೆದಿಲ್ಲ. ‘ಯುನಾನಿಮಸ್ಲಿ’ ಎಂದು ಬರೆಯುವ ಆಸೆಯನ್ನಂತೂ ಬಿಟ್ಟುಬಿಡಿ, ಅದರ ಅರ್ಥ ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದರೆಂದು. ಸಭೆಗಳ ಇಂಗ್ಲಿಷಿನಲ್ಲಿ ‘ನೆಮ್ ಕಾನ್’ ಎಂಬ ಲ್ಯಾಟಿನ್ ಚುಟುಕು ಇದೆ, ಯಾರೂ ವಿರುದ್ಧ ಮತ ಹಾಕಲಿಲ್ಲ ಎಂದಷ್ಟೇ ಹೇಳುತ್ತದೆ, ತಟಸ್ಥರಾಗಿ ಉಳಿದವರಿಗೂ ಅಲ್ಲಿ ಜಾಗವಿದೆ. ನಿಮ್ಮಲ್ಲಿ ಇಬ್ಬರು ಎದ್ದು ವಿರೋಧಿಸಿದ್ದರಿಂದ ಅದೂ ಹೊಂದುವುದಿಲ್ಲ.

ಉಳಿಯುವುದು ಕಂಡದ್ದನ್ನು ಕಂಡಂತೆ ಬರೆಯುವುದು: ಇಬ್ಬರು ಸದಸ್ಯರು ಪ್ರಸ್ತಾವವನ್ನು ವಿರೋಧಿಸಿದರು, ಅವರ ಕಾರಣ ಇಂತಿಂಥವು, ಚರ್ಚೆಯ ನಂತರ ಮತ್ತೆ ಆಕ್ಷೇಪ ಬರಲಿಲ್ಲ, ಮತಕ್ಕೆ ಹಾಕಲಿಲ್ಲ, ಅಧ್ಯಕ್ಷರು ಮುಂದಿನ ವಿಷಯ ಕೈಗೆತ್ತಿಕೊಂಡರು. ಇಂಗ್ಲಿಷಿನಲ್ಲಿ ‘ನೋ ಫರ್ದರ್ ಆಬ್ಜೆಕ್ಷನ್ ವಾಸ್ ರೇಯ್ಸ್ಡ್’ ಎಂದರೆ ಸಾಕು. ಆ ವಾಕ್ಯಕ್ಕೆ ಯಾರ ಮನಸ್ಸಿನೊಳಗೂ ಇಣುಕುವ ಕೆಲಸವಿಲ್ಲ, ಇಬ್ಬರಿಗೂ ಅದರಲ್ಲಿ ತಕರಾರು ಎತ್ತಲು ಏನೂ ಸಿಗುವುದಿಲ್ಲ. ಇದರಿಂದ ಒಂದು ತೊಡಕು ಖಂಡಿತ ಬರುತ್ತದೆ. ಹೀಗೆ ಬರೆದ ಕೂಡಲೇ ಶುಲ್ಕ ಏರಿಕೆ ಅಂದು ನಿಜವಾಗಿ ಅಂಗೀಕಾರವಾಯಿತೇ ಎಂಬ ಪ್ರಶ್ನೆ ಏಳುತ್ತದೆ. ನಿಮ್ಮ ಅಧ್ಯಕ್ಷರು ಪದ ಬದಲಿಸಬೇಡಿ ಎನ್ನುವುದಕ್ಕೆ ಇದೂ ಕಾರಣವಿರಬಹುದು. ಆ ಪ್ರಶ್ನೆಗೆ ಉತ್ತರ ನಿಮ್ಮ ಸಂಘದ ನಿಯಮಾವಳಿಯಲ್ಲಿದೆ, ಯಾವ ಕ್ರಿಯಾಪದವೂ ಅದನ್ನು ಮುಚ್ಚಿಡಲಾರದು. ನಿಯಮ ಮತದಾನ ಕೇಳುತ್ತದಾದರೆ ಮುಂದಿನ ಸಭೆಯಲ್ಲಿ ಮತಕ್ಕೆ ಹಾಕಿಸಿ, ವಿರೋಧದ ಸಂಖ್ಯೆಯನ್ನೂ ಬರೆಯಿರಿ. ನಿಯಮದ ಅರ್ಥದಲ್ಲಿಯೇ ಗೊಂದಲವಿದ್ದರೆ ವಕೀಲರನ್ನು ಕೇಳಿ, ಅದು ಭಾಷೆ ತಿದ್ದುವವರ ಕೆಲಸವಲ್ಲ.

ಕರಡು ಇನ್ನೂ ಸಭೆಯ ಮುಂದೆ ಹೋಗಿಲ್ಲ ಎಂದು ನಿಮ್ಮ ಪತ್ರದಿಂದ ತಿಳಿದುಕೊಂಡಿದ್ದೇನೆ. ಹಾಗಿದ್ದರೆ ಆ ವಾಕ್ಯವನ್ನು ನೇರವಾಗಿ ತಿದ್ದಿ ಎಲ್ಲರಿಗೂ ಮತ್ತೊಮ್ಮೆ ಕಳಿಸಿ. ಕಳಿಸುವ ಮುನ್ನ ಆ ಇಬ್ಬರನ್ನು ಬೇರೆಬೇರೆಯಾಗಿ ಕೇಳಿ, ತಮ್ಮ ವಿರೋಧ ಹೆಸರಿನ ಸಮೇತ ದಾಖಲಾಗಬೇಕೇ ಎಂದು. ಬೇಕೆಂದವರ ಹೆಸರು ಹಾಕಿ, ಬೇಡವೆಂದವರನ್ನು ‘ಒಬ್ಬ ಸದಸ್ಯರು’ ಎಂದಷ್ಟೇ ಬರೆಯಿರಿ. ಅಕಸ್ಮಾತ್ ಅಷ್ಟರಲ್ಲಿ ನಡಾವಳಿ ಅನುಮೋದನೆಯಾಗಿ ಸಹಿ ಬಿದ್ದಿದ್ದರೆ ಹಳೆಯ ವಾಕ್ಯವನ್ನು ಅಳಿಸಬೇಡಿ. ತಿದ್ದುಪಡಿಯನ್ನು ಮುಂದಿನ ಸಭೆಯಲ್ಲಿ ಮಂಡಿಸಿ, ಆ ಸಭೆಯ ನಡಾವಳಿಯಲ್ಲಿ ಬರೆದು, ಹಳೆಯ ಪುಟದ ಅಂಚಿನಲ್ಲಿ ಅದರ ದಿನಾಂಕ ನಮೂದಿಸಿ.